ಶಾಮೊನಿ: ಮಂಜುಗಡ್ಡೆ ಕುಗ್ಗಿತು, ಮೆಟ್ಟಿಲು ಬೆಳೆಯಿತು

ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳ ಊರು ಶಾಮೊನಿಯಲ್ಲಿ ಹಿಮನದಿ ಕರಗುತ್ತಿದೆ, ಹಳೆಯ ಗೊಂಡೊಲಾ (ತಂತಿಯಲ್ಲಿ ತೂಗುತ್ತಾ ಸಾಗುವ ಡಬ್ಬಿಗಳು) ಓಡುವುದು ನಿಂತಿದೆ, ಹೊಸದು ಬಂದಿದೆ. ಇವನ್ನೆಲ್ಲ ಬಿಡಿಬಿಡಿ ಸುದ್ದಿಯಾಗಿ ಓದಿದರೆ ತಲೆಬುಡ ಗೊತ್ತಾಗುವುದಿಲ್ಲ. ಎಲ್ಲದರ ಮೂಲ ಮೇರ್ ದ ಗ್ಲಾಸ್ ಎಂಬ ಒಂದೇ ಹಿಮನದಿ.

1741ರಲ್ಲಿ ಇಂಗ್ಲಿಷ್ ಪ್ರವಾಸಿಗರು ಬಂದು ನೋಡಿದರು, 1786ರಲ್ಲಿ ಊರಿನವರೇ ಇಬ್ಬರು ಆಲ್ಪ್ಸ್‌ನ ಅತಿ ಎತ್ತರದ ಶಿಖರ ಮಾಂಟ್ ಬ್ಲಾಂಕ್‌ನ ತುದಿ ಮುಟ್ಟಿದರು, 1909ರ ಹೊತ್ತಿಗೆ ಹಿಮನದಿಯ ಅಂಚಿನ ಮೊಂಟನ್ವೆಗೆ ರೈಲು ಹತ್ತಿತು, 1924ರಲ್ಲಿ ಮೊದಲ ಚಳಿಗಾಲದ ಒಲಿಂಪಿಕ್ಸ್ ನಡೆಯಿತು. ತಮಾಷೆ ನೋಡಿ, ಆಗ ಇಳಿಜಾರಿನ ಸ್ಕೀ ಸ್ಪರ್ಧೆಯೇ ಇರಲಿಲ್ಲ. ಅದು ಒಲಿಂಪಿಕ್ಸ್‌ಗೆ ಸೇರಿದ್ದು 1936ರಲ್ಲಿ.

1955ರಲ್ಲಿ ಎಗ್ವಿ ದು ಮಿದಿ ಶಿಖರಕ್ಕೆ ಕೇಬಲ್ ಕಾರ್ ಬಂದ ಮೇಲೆ ಆಟವೇ ಬದಲಾಯಿತು. ಶಿಖರದ ಎತ್ತರ 3,842 ಮೀಟರ್. ಅಲ್ಲಿಂದ ಕೆಳಗೆ ವಾಲೆ ಬ್ಲಾಂಶ್ ಎಂಬ ಸುಮಾರು 20 ಕಿಲೋಮೀಟರ್ ಸ್ಕೀ ದಾರಿ. ಶುರುವಿನಲ್ಲೇ ಚೂಪು ಏಣು, ಎರಡೂ ಬದಿ ಪ್ರಪಾತ. ಹಗ್ಗ ಹಿಡಿದು ನಡೆದೇ ಇಳಿಯಬೇಕು, ಆಮೇಲೆ ಸ್ಕೀ ಕಟ್ಟಿಕೊಳ್ಳುವುದು. ಯಂತ್ರ ಹಾಯಿಸಿ ಹದ ಮಾಡಿದ ಹಾದಿ ಇದಲ್ಲ. ಹಿಮದಡಿ ಆಳದ ಬಿರುಕುಗಳಿವೆ, ದಾರಿ ಗೊತ್ತಿಲ್ಲದವರು ಗೈಡ್ ಇಲ್ಲದೆ ಹೋಗಬಾರದು. ಕೊನೆಗೆ ಮೇರ್ ದ ಗ್ಲಾಸ್ ಮೇಲೆಯೇ ಇಳಿದು ಮೊಂಟನ್ವೆ ತಲುಪಿ, ರೈಲು ಹತ್ತಿ ಊರಿಗೆ.

ಆ ಕೊನೆಯ ಭಾಗವೇ ಎಡವಟ್ಟಾಗಿದ್ದು. 1988ರಲ್ಲಿ ರೈಲು ನಿಲ್ದಾಣದಿಂದ ಹಿಮನದಿಗೆ ಗೊಂಡೊಲಾ ಹಾಕಿದಾಗ ಇಳಿದ ಮೇಲೆ ಮೂರು ಮೆಟ್ಟಿಲು ಸಾಕಾಗಿತ್ತಂತೆ. ಹಿಮನದಿ ಕುಗ್ಗಿದಂತೆಲ್ಲ ಬಂಡೆಗೆ ಕಬ್ಬಿಣದ ಮೆಟ್ಟಿಲು ಸೇರಿಸುತ್ತಾ ಹೋದರು. ಮೆಟ್ಟಿಲು 500 ದಾಟಿತು. ಪಕ್ಕದಲ್ಲಿ ಇಸವಿ ಬರೆದ ಫಲಕಗಳು: ಈ ವರ್ಷ ಮಂಜುಗಡ್ಡೆ ಇಲ್ಲಿತ್ತು, ಆ ವರ್ಷ ಅಲ್ಲಿತ್ತು ಅಂತ. ಇಡೀ ಕಣಿವೆ ಸ್ಕೀ ಮಾಡಿ ಕಾಲು ಸೋತವರು ಸ್ಕೀ ಹೆಗಲಿಗೇರಿಸಿ, ಬಗ್ಗದ ಪ್ಲಾಸ್ಟಿಕ್ ಬೂಟಿನಲ್ಲಿ ಆ ಫಲಕಗಳನ್ನು ದಾಟಿ ಹತ್ತಬೇಕಿತ್ತು. ಕೆಳಗೆ ಪ್ರವಾಸಿಗರಿಗಾಗಿ ಕೊರೆದ ಮಂಜಿನ ಗುಹೆ ಬೇರೆ. ಹಿಮನದಿ ಸರಿಯುತ್ತಲೇ ಇರುವುದರಿಂದ ಗುಹೆಯನ್ನು ವರ್ಷವರ್ಷ ಹೊಸದಾಗಿ ಕೊರೆಯಬೇಕು. ಬೇಸಿಗೆಯಲ್ಲಿ ಅದು ಬೇಗ ಕರಗದಿರಲಿ ಅಂತ ಬಿಳಿ ಬಟ್ಟೆ ಹೊದಿಸಿದ್ದೂ ಉಂಟು.

ಕರಗುವಿಕೆಗೆ ನಮ್ಮ ಕಡೆಯ ನಂಟೂ ಇದೆ. 1966ರಲ್ಲಿ ಮಾಂಟ್ ಬ್ಲಾಂಕ್‌ಗೆ ಬಡಿದ ಏರ್ ಇಂಡಿಯಾ ವಿಮಾನದಲ್ಲಿ ಹೋಮಿ ಭಾಭಾ ಇದ್ದರು, ಒಂದು ಕಾಲಕ್ಕೆ ಬೆಂಗಳೂರಿನ ಐಐಎಸ್‌ಸಿಯಲ್ಲಿದ್ದವರು. ಆ ವಿಮಾನದ ವಸ್ತುಗಳನ್ನು ಪಕ್ಕದ ಬೊಸ್ಸೊಂ ಹಿಮನದಿ ಈಗಲೂ ಹೊರಹಾಕುತ್ತಿದೆ.

ಬಿಸಿ ಏರಿದ್ದಕ್ಕೆ ಇಂಥವರೇ ಕಾರಣ ಅನ್ನುವಂತಿಲ್ಲ. 1965ರಲ್ಲಿ ಇಟಲಿಗೆ ಹೋಗುವ ಮಾಂಟ್ ಬ್ಲಾಂಕ್ ಸುರಂಗ ತೆರೆದಾಗಿನಿಂದ ಲಾರಿಗಳು ಈ ಕಣಿವೆಯಲ್ಲೇ ಹಾದುಹೋಗುತ್ತವೆ. ಜಿನೀವಾಕ್ಕೆ ಹಾರಿ ಬಂದು ವಾರಾಂತ್ಯ ಸ್ಕೀ ಮಾಡುವವರಿದ್ದಾರೆ. ಹಿಮನದಿ ಮುಗಿಯುವ ಮೊದಲು ಒಮ್ಮೆ ನೋಡೋಣ ಅಂತ ಬರುವವರೂ ಜಾಸ್ತಿ. ಅವರೂ ಸುಮ್ನೆ ನಡೆದು ಬರುವುದಿಲ್ಲ, ಅಲ್ವಾ?

2024ರ ಫೆಬ್ರುವರಿಯಲ್ಲಿ ಹೊಸ ಗೊಂಡೊಲಾ ಶುರುವಾಯಿತು. ಈ ಸಲ ಅದನ್ನು ಮಂಜುಗಡ್ಡೆ ಇನ್ನೂ ದಪ್ಪಗಿರುವ ಕಡೆಗೆ, ಹಿಮನದಿಯ ಮೇಲ್ಭಾಗಕ್ಕೆ ಸರಿಸಿದ್ದಾರೆ. ಮೆಟ್ಟಿಲಿನ ಕಾಟ ಸದ್ಯಕ್ಕೆ ತಪ್ಪಿತು. ಹಿಮನದಿ ಕುಗ್ಗುವುದು ಮಾತ್ರ ಅಲ್ಲೂ ನಿಂತಿಲ್ಲ.