‘ಮಳೆ ಬಂದು ಕೆರೆ ತುಂಬಿತು’: ಕೊಹೀಶನ್, ಕೊಹಿರೆನ್ಸ್ ಬಗ್ಗೆ ಟಿಪ್ಪಣಿ

ಮೊದಲು ಈ ಸಾಲುಗಳನ್ನು ಓದಿ. “ನಿನ್ನೆ ಮೈಸೂರಿಗೆ ಹೋಗಿದ್ದೆ. ಮೈಸೂರಿನಲ್ಲಿ ಅರಮನೆ ಇದೆ. ಅರಮನೆಗೆ ದಸರಾ ಆನೆಗಳು ಬರುತ್ತವೆ. ಆನೆಗೆ ಕಬ್ಬು ಇಷ್ಟ. ಕಬ್ಬನ್ನು ಮಂಡ್ಯದಲ್ಲಿ ಜಾಸ್ತಿ ಬೆಳೆಯುತ್ತಾರೆ.”

ಪ್ರತಿ ವಾಕ್ಯವೂ ಹಿಂದಿನ ವಾಕ್ಯದ ಪದವನ್ನು ಹಿಡಿದುಕೊಂಡೇ ಬಂದಿದೆ. ಆದರೂ ಹೇಳಲು ಹೊರಟದ್ದು ಏನು ಅಂತ ಗೊತ್ತಾಗುವುದಿಲ್ಲ, ಅಲ್ವಾ? ಇಲ್ಲಿ ಕೊಹೀಶನ್ ಇದೆ, ಅಂದರೆ ಪದಗಳ ನಡುವೆ ಬೆಸುಗೆ ಇದೆ. ಕೊಹಿರೆನ್ಸ್ ಇಲ್ಲ, ಅಂದರೆ ಇಡೀ ಮಾತಿಗೆ ಒಂದು ಅರ್ಥ ಕೂಡಿಬಂದಿಲ್ಲ.

ಇದರ ಉಲ್ಟಾ ನಮ್ಮ ಮನೆಗಳಲ್ಲಿ ದಿನಾ ನಡೆಯುತ್ತದೆ.

“ಹಾಲು ಉಕ್ತಾ ಇದೆ!”
“ಫೋನಲ್ಲಿದೀನಿ.”
“ಸರಿ, ನಾನೇ ನೋಡ್ತೀನಿ.”

ಮೊದಲ ಎರಡು ಮಾತುಗಳನ್ನು ಜೋಡಿಸುವ ಪದ ಒಂದೂ ಇಲ್ಲ. ಆದರೆ ಮೊದಲನೆಯದು ‘ಹೋಗಿ ಒಲೆ ಆರಿಸು’, ಎರಡನೆಯದು ‘ಈಗ ಆಗಲ್ಲ’ ಅಂತ ನಮಗೆ ತಿಳಿಯುತ್ತದೆ. ಹಾಲು ಉಕ್ಕಿದರೆ ಯಾರಾದರೂ ಓಡಬೇಕು ಅನ್ನುವುದು ಇಬ್ಬರಿಗೂ ಗೊತ್ತು. ಕೊಹಿರೆನ್ಸ್ ಹುಟ್ಟುವುದು ಆ ತಿಳಿವಳಿಕೆಯಿಂದ.

ಪರೀಕ್ಷೆಗೆ ಬೇಕಾದದ್ದು: ಭಾಷಾವಿಜ್ಞಾನಿಗಳಾದ ಹ್ಯಾಲಿಡೇ ಮತ್ತು ರುಖೈಯಾ ಹಸನ್ 1976ರಲ್ಲಿ ಇಂಗ್ಲಿಷಿನ ಕೊಹೀಶನ್ನನ್ನು 5 ಬಗೆಯಾಗಿ ವಿಂಗಡಿಸಿದರು. ಸೂಚಿಸುವ ಪದ, ಬದಲಿ ಪದ, ಪದ ಬಿಡುವುದು, ಜೋಡಿಸುವ ಪದ, ಪದಗಳ ಅರ್ಥದ ನಂಟು. ಈ ಪಟ್ಟಿಯನ್ನು ಬಾಯಿಪಾಠ ಮಾಡಿ ಕನ್ನಡಕ್ಕೆ ಹಾಗೇ ಅಂಟಿಸಿದರೆ ಮುಖ್ಯವಾದದ್ದೇ ತಪ್ಪಿಹೋಗುತ್ತದೆ. ಕನ್ನಡದಲ್ಲಿ ಬೆಸುಗೆಯ ಎಷ್ಟೋ ಕೆಲಸ ಕ್ರಿಯಾಪದದ್ದು.

“ಅಕ್ಕ ಬಾಗಿಲು ತೆಗೆದಳು. ಅಣ್ಣ ಒಳಗೆ ಬಂದ. ಸುಮ್ಮನೆ ಕೂತಳು.” ಕೂತದ್ದು ಯಾರು? ಅಕ್ಕ. ‘ಅವಳು’ ಅಂತ ಬರೆಯಲೇ ಇಲ್ಲ, ‘-ಅಳು’ ಸಾಕಾಯಿತು. ಈಗ ಕೊನೆಯ ವಾಕ್ಯ ಬದಲಿಸಿ: “ಏನೂ ಮಾತಾಡಲಿಲ್ಲ.” ಯಾರು ಮಾತಾಡಲಿಲ್ಲ? ಹೇಳುವುದು ಕಷ್ಟ. ‘-ಲಿಲ್ಲ’ ರೂಪದಲ್ಲಿ ಲಿಂಗ, ವಚನ ಯಾವುದೂ ಕಾಣುವುದಿಲ್ಲ. ಇಂಥ ಕಡೆ ಮಾತ್ರ ಹೆಸರನ್ನೋ ಸರ್ವನಾಮವನ್ನೋ ತನ್ನಿ. ಪ್ರತಿ ವಾಕ್ಯಕ್ಕೂ ‘ಅವನು’, ‘ಅವಳು’ ಹಾಕಿದ ಬರಹ ನನಗೆ ಅನುವಾದದ ಹಾಗೆ ಕೇಳಿಸುತ್ತದೆ.

ನನಗೆ ತುಂಬಾ ಇಷ್ಟವಾದ ಭಾಗ ‘ಬಂದು’, ‘ಮಾಡಿ’, ‘ತೊಳೆದು’ ಇವುಗಳದ್ದು. “ರಮೇಶ ಬಂದು, ಕೈ ತೊಳೆದು, ಊಟ ಮಾಡಿದ.” ಮೂರೂ ಕೆಲಸ ಒಬ್ಬನದೇ. “ಗೀತಾ ಬಂದು ರಮೇಶ ಊಟ ಮಾಡಿದ” ಅಂದರೆ ಕಿವಿಗೆ ಒಗ್ಗುವುದಿಲ್ಲ. ‘ಗೀತಾ ಬಂದ ಮೇಲೆ’ ಅನ್ನಬೇಕು. ಹಾಗಾದರೆ ಕರ್ತೃ ಒಂದೇ ಇರಬೇಕು ಅನ್ನುವುದು ನಿಯಮವೇ? “ಮಳೆ ಬಂದು ಕೆರೆ ತುಂಬಿತು.” ಬಂದದ್ದು ಮಳೆ, ತುಂಬಿದ್ದು ಕೆರೆ. ಆದರೂ ವಾಕ್ಯ ಸರಿಯಾಗಿದೆ! ಮಳೆಯಿಂದಲೇ ಕೆರೆ ತುಂಬಿತು ಅನ್ನುವ ಕಾರಣದ ನಂಟು ಇಲ್ಲಿದೆ. ಗೀತಾ ಬಂದದ್ದಕ್ಕೂ ರಮೇಶನ ಊಟಕ್ಕೂ ಅಂಥ ನಂಟು ಕಾಣುತ್ತಿಲ್ಲ. ಅರ್ಥದ ಹೊಂದಿಕೆಯೇ ವ್ಯಾಕರಣಕ್ಕೆ ದಾರಿ ಬಿಟ್ಟುಕೊಟ್ಟಿದೆ.

ಮಾತಿಗೂ ಬರಹಕ್ಕೂ ಇರುವ ಒಂದು ವ್ಯತ್ಯಾಸವನ್ನೂ ಬರೆದುಕೊಳ್ಳಿ. ಎದುರಿಗೆ ಕೂತು “ಅದನ್ನ ಇಲ್ಲಿಡು” ಅಂದರೆ ಬೆರಳು ಉಳಿದದ್ದನ್ನು ಹೇಳುತ್ತದೆ. ಬರಹದಲ್ಲಿ ಆ ‘ಅದು’ ಯಾವುದು ಅಂತ ಹಿಂದಿನ ಸಾಲು ಹೇಳಿರಬೇಕು. ಮಾತಾಡುವಾಗ “ಅಂದ್ರೆ”, “ಮತ್ತೆ”, “ಗೊತ್ತಾಯ್ತಾ” ಅಂತ ನಡುನಡುವೆ ಕೇಳುವವರ ಕೈ ಹಿಡಿಯುತ್ತೇವೆ, ಅವರ ಮುಖ ನೋಡಿ ಇನ್ನೊಮ್ಮೆ ಹೇಳುತ್ತೇವೆ. ಬರೆಯುವಾಗ ಆ ಮುಖ ಎದುರಿಗಿರುವುದಿಲ್ಲ.