ಕಡ್ಡಿ ನಾಲ್ಕಿದೆ, ನೆಟ್ ಮಾತ್ರ ಇಲ್ಲ

ಶಿರಸಿ ಕಡೆಯ ಒಂದು ತೋಟದ ಮನೆ. ಫೈಬರ್ ಕೇಬಲ್ ಅಲ್ಲಿಗೆ ಇನ್ನೂ ಬಂದಿಲ್ಲ, ಸಿಮ್ ಹಾಕುವ ರೂಟರೇ ಗತಿ. ಮಗ ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡುತ್ತಾನೆ. "ನಾಲ್ಕೂ ಕಡ್ಡಿ ಇದೆ ಮಾರಾಯ್ರೆ, ಮೀಟಿಂಗ್ ಶುರುವಾದ್ರೆ ನೆಟ್ ಇಲ್ಲ" ಎಂದು ಅಪ್ಪ ನನ್ನನ್ನು ಕರೆಸಿದರು.

ಕಡ್ಡಿಯನ್ನು ನಾನು ನಂಬುವುದಿಲ್ಲ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ಅನ್ನುವುದಕ್ಕೆ ಒಂದೊಂದು ಕಂಪನಿಯದು ಒಂದೊಂದು ಲೆಕ್ಕ. ರೂಟರಿನ ಸೆಟ್ಟಿಂಗ್ಸ್ ಪುಟ ತೆರೆದು ನೋಡಿ. ಅದರ ವಿಳಾಸ ರೂಟರಿನ ತಳದ ಸ್ಟಿಕ್ಕರ್ ಮೇಲೇ ಇರುತ್ತದೆ, 192.168.1.1 ಅಂತ ಏನೋ. ಅಲ್ಲಿ ಎರಡು ಸಂಖ್ಯೆ ಮುಖ್ಯ. ಆರ್‌ಎಸ್‌ಆರ್‌ಪಿ ಅಂದರೆ ಟವರಿನ ದನಿ ನಿಮಗೆ ಎಷ್ಟು ಜೋರಾಗಿ ಕೇಳುತ್ತಿದೆ ಎಂಬುದು. ಮೈನಸ್ 80 ಇದ್ದರೆ ಬಹಳ ಒಳ್ಳೆಯದು, ಮೈನಸ್ 110ಕ್ಕೆ ಇಳಿದರೆ ಕಷ್ಟ. ಎಸ್‌ಐಎನ್‌ಆರ್ ಅಂದರೆ ಆ ದನಿ ಗದ್ದಲದ ನಡುವೆ ಎಷ್ಟು ಸ್ಪಷ್ಟ ಎಂಬುದು. 20ರ ಮೇಲಿದ್ದರೆ ಚೆನ್ನ, ಸೊನ್ನೆಯ ಹತ್ತಿರ ಬಂದರೆ ತೊಂದರೆ. ಚಂಡೆ ಬಾರಿಸುವವರ ಪಕ್ಕ ಕೂತು ಮಾತಾಡಿದ ಹಾಗೆ: ಕೂಗಿದ್ದು ಕೇಳುತ್ತದೆ, ಏನಂದರು ಅಂತ ತಿಳಿಯುವುದಿಲ್ಲ.

ಆ ಮನೆಯಲ್ಲಿ ಮೊದಲನೆಯದು ಮೈನಸ್ 84, ಎರಡನೆಯದು ಬರೀ 1. ಟಿವಿ ಹಿಂದೆ ಇದ್ದ ರೂಟರನ್ನು ಉಪ್ಪರಿಗೆಯ ಇನ್ನೊಂದು ಬದಿಯ ಕಿಟಕಿಗೆ ತಂದಿಟ್ಟೆವು. ಕಡ್ಡಿ ಒಂದು ಕಮ್ಮಿಯೇ ಆಯಿತು! ಆದರೆ ಬೇರೆ ಟವರಿನ ಗದ್ದಲಕ್ಕೆ ಗೋಡೆ ಅಡ್ಡ ಬಂತು, ಎಸ್‌ಐಎನ್‌ಆರ್ 12ಕ್ಕೆ ಏರಿತು. ಮೀಟಿಂಗ್ ತುಂಡಾಗುವುದು ನಿಂತಿತು.

ಇನ್ನು ಬ್ಯಾಂಡ್, ಅಂದರೆ ಟವರ್ ಬಳಸುವ ರೇಡಿಯೋ ಅಲೆಯ ಪಟ್ಟಿ. ನಮ್ಮಲ್ಲಿ 4ಜಿಗೆ 850, 1800, 2300 ಮೆಗಾಹರ್ಟ್ಸ್ ಎಲ್ಲ ಬಳಕೆಯಲ್ಲಿವೆ. ಸಂಖ್ಯೆ ಸಣ್ಣದಾದಷ್ಟೂ ಸಿಗ್ನಲ್ ದೂರ ಹೋಗುತ್ತದೆ, ಗೋಡೆಯನ್ನೂ ದಾಟುತ್ತದೆ. ಅದರಲ್ಲಿ ವೇಗ ಮಾತ್ರ ಸಾಮಾನ್ಯವಾಗಿ ಕಮ್ಮಿ. "ನಮ್ಮನೇಲಿ 5ಜಿ ಬರ್ತದೆ, ವೈಫೈ ಹೆಸರಲ್ಲೇ ಉಂಟು" ಎಂದರು ಅಪ್ಪ. ಈ ಗೊಂದಲ ತುಂಬ ಜನರಿಗಿದೆ. ಅದು ರೂಟರಿನಿಂದ ಫೋನಿಗೆ ಬರುವ 5 ಗಿಗಾಹರ್ಟ್ಸ್ ವೈಫೈ. ಟವರಿನ 5ಜಿಗೂ ಅದಕ್ಕೂ ಸಂಬಂಧವೇ ಇಲ್ಲ.

ಬೇರೆ ಕಂಪನಿಯ ಸಿಮ್ ಹಾಕಿದ ಮೇಲೆ ಸಿಗ್ನಲ್ ಇದ್ದೂ ನೆಟ್ ಬರದಿದ್ದರೆ ಮೊದಲು ರೂಟರಿನ ಸೆಟ್ಟಿಂಗ್ಸ್‌ನಲ್ಲಿ ಎಪಿಎನ್ ನೋಡಿ, ಅಂದರೆ ಆ ಕಂಪನಿಯ ನೆಟ್‌ಗೆ ಹೋಗುವ ಬಾಗಿಲಿನ ಹೆಸರು. ಎಷ್ಟೋ ಸಲ ಹಳೇ ಕಂಪನಿಯದೇ ಉಳಿದಿರುತ್ತದೆ.

ಭದ್ರತೆಯ ಮಾತಿಗೆ ಬರೋಣ. ಉಪನಯನಕ್ಕೆ ಬಂದವರಿಗೆಲ್ಲ ಈ ಮನೆಯವರು ವೈಫೈ ಪಾಸ್‌ವರ್ಡ್ ಕೊಟ್ಟಿದ್ದರು. ಕೊಡಲಿ ಬಿಡಿ. ಆದರೆ ಸೆಟ್ಟಿಂಗ್ಸ್ ಪುಟದ ಪಾಸ್‌ವರ್ಡ್ ಬೇರೆ, ಅದಿನ್ನೂ 'ಅಡ್ಮಿನ್' ಅಂತಲೇ ಇತ್ತು. ನೆಂಟರಲ್ಲಿ ಯಾರು ಬೇಕಾದರೂ ಒಳಗೆ ಹೋಗಬಹುದಿತ್ತು, ಅಲ್ವಾ? ಪಾಸ್‌ವರ್ಡ್ ಬದಲು ಪಿನ್ ಹಾಕಿ ವೈಫೈ ಸೇರುವ ಡಬ್ಲ್ಯೂಪಿಎಸ್ ಪಿನ್ ಕೂಡ ಆನ್ ಇತ್ತು. ಅದು 8 ಅಂಕಿಯದು, ಆದರೆ ರೂಟರ್ ಅದನ್ನು ಎರಡು ತುಂಡು ಮಾಡಿ ಪರೀಕ್ಷಿಸುತ್ತದೆ. ಹಾಗಾಗಿ ಹೆಚ್ಚೆಂದರೆ 11,000 ಸಲ ಊಹಿಸಿದರೆ ಸಿಕ್ಕಿಬಿಡುತ್ತದೆ. ಆಫ್ ಮಾಡಿದೆ.

ಡಬ್ಲ್ಯೂಪಿಎ2, ಡಬ್ಲ್ಯೂಪಿಎ3 ಅನ್ನುವ ವೈಫೈ ಬೀಗ ಫೋನಿನಿಂದ ರೂಟರಿನ ತನಕ ಮಾತ್ರ. ಮಗನ ಆಫೀಸಿನ ವಿಪಿಎನ್ ಲ್ಯಾಪ್‌ಟಾಪಿನಿಂದ ಆಫೀಸಿನ ತನಕ ಸುರಂಗ ತೋಡುತ್ತದೆ. ನಡುವಿನ ಸಿಮ್ ಕಂಪನಿಗೆ ಸುರಂಗ ಕಾಣುತ್ತದೆ, ಒಳಗೆ ಹೋಗುವುದು ಕಾಣುವುದಿಲ್ಲ. ವಿಪಿಎನ್ ಹಾಕಿದರೆ ವೈರಸ್ ಬರುವುದಿಲ್ಲ ಅನ್ನುವುದೆಲ್ಲ ಸುಮ್ನೆ.

ಹೊರಡುವಾಗ ಇನ್ನೊಂದು ಬಂತು. ಅಂಗಳದ ಕ್ಯಾಮೆರಾ ಬೆಂಗಳೂರಿನಲ್ಲಿ ಕೂತರೆ ಕಾಣುವುದಿಲ್ಲವಂತೆ. ಪೋರ್ಟ್ ಫಾರ್ವರ್ಡಿಂಗ್, ಅಂದರೆ ಹೊರಗಿನಿಂದ ಬಂದವರನ್ನು ನೇರ ಕ್ಯಾಮೆರಾಗೆ ಕಳಿಸು ಎಂದು ರೂಟರಿಗೆ ಹೇಳುವುದು, ಅದನ್ನು ಮಾಡಿ ಮಗ ಸೋತಿದ್ದ. ರೂಟರಿಗೆ ಸಿಕ್ಕಿದ್ದ ಐಪಿ ವಿಳಾಸ 100.72 ಎಂದು ಶುರುವಾಗಿತ್ತು. ಅಂದರೆ ಸಿಜಿನ್ಯಾಟ್. ನೂರಾರು ಗಿರಾಕಿಗಳಿಗೆ ಹೊರಗಿನ ವಿಳಾಸ ಒಂದೇ, ಹಾಗಾಗಿ ಹೊರಗಿನಿಂದ ಬಾಗಿಲು ಬಡಿದರೆ ಯಾರ ಮನೆ ಅಂತ ಗೊತ್ತಾಗುವುದಿಲ್ಲ. ಸಂಪರ್ಕ ಒಳಗಿನಿಂದಲೇ ಶುರುವಾಗಬೇಕು. ಕ್ಯಾಮೆರಾದ ಸ್ವಂತ ಆ್ಯಪ್ ಹಾಕಿದೆವು, ಅದು ಹಾಗೇ ಕೆಲಸ ಮಾಡುವುದು.

ಈಗ ಮಗನಿಗೆ ಎಲ್ಲಿ ಕೂತರೂ ಅಂಗಳದ ಅಡಿಕೆ ಕಾಣುತ್ತದೆ. ಮಂಗ ಬಂದರೆ ಓಡಿಸಲು ಅಪ್ಪನಿಗೆ ಫೋನ್ ಮಾಡುತ್ತಾನೆ.