ಸಬ್ಸಿಡಿ ನಂಬಿ ಇಸಾರ ಕೊಡಬೇಡಿ

ಕಳೆದ ತಿಂಗಳು ಕಲಬುರಗಿಯ ಜೇವರ್ಗಿ ರಸ್ತೆ ಕಡೆಯ ಗಂಡ-ಹೆಂಡತಿ ಬಂದು ನನ್ನ ಮೇಜಿನ ಮೇಲೆ ನೋಟ್‌ಬುಕ್ಕಿನ ಒಂದು ಹಾಳೆ ಇಟ್ಟರು. ಮನೆಯ ಬೆಲೆ 32 ಲಕ್ಷ. ಬ್ಯಾಂಕ್ ಸಾಲ 25 ಲಕ್ಷ, ಕೈಯಲ್ಲಿರುವುದು 5.20 ಲಕ್ಷ. ಅದರ ಕೆಳಗೆ ‘ಸರ್ಕಾರದ್ದು 1.80’ ಎಂದು ಬರೆದು, ಗೆರೆ ಎಳೆದು, 32 ಕೂಡಿಸಿದ್ದರು. ಆಕೆ ಖಾಸಗಿ ಶಾಲೆಯ ಶಿಕ್ಷಕಿ, ಅವರು ಕಂಪನಿಯೊಂದರಲ್ಲಿ ಅಕೌಂಟೆಂಟ್. ಇಬ್ಬರ ಆದಾಯ ಸೇರಿ ವರ್ಷಕ್ಕೆ 7.20 ಲಕ್ಷ. ಗೃಹಸಾಲಕ್ಕೆ ಸರ್ಕಾರ ಕೊಡುವ ಬಡ್ಡಿ ಸಬ್ಸಿಡಿ ಯೋಜನೆಗೆ ಅರ್ಹರೇ. ಆದರೆ ಆ ಕೂಡಿಕೆ ತಪ್ಪು.

ಗೃಹಸಾಲದ ಕಾಗದಪತ್ರ ನೋಡುವ ವಕೀಲನಾಗಿ ಇಂಥ ಹಾಳೆಗಳನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0 ಅಡಿ, 2024ರ ಸೆಪ್ಟೆಂಬರ್ 1ರಿಂದ ಈಚೆಗೆ ಮಂಜೂರಾದ ಸಾಲಕ್ಕೆ ಬಡ್ಡಿ ಸಬ್ಸಿಡಿ ಇದೆ. ಕುಟುಂಬದ ವಾರ್ಷಿಕ ಆದಾಯ 9 ಲಕ್ಷ ದಾಟಬಾರದು, ಮನೆಯ ಬೆಲೆ 35 ಲಕ್ಷ ಮತ್ತು ಸಾಲ 25 ಲಕ್ಷ ಮೀರಬಾರದು. ಸಾಲದ ಮೊದಲ 8 ಲಕ್ಷಕ್ಕೆ ಬಡ್ಡಿಯಲ್ಲಿ ಶೇ 4ರಷ್ಟು ನೆರವು, ಒಟ್ಟು ಗರಿಷ್ಠ 1.80 ಲಕ್ಷ. ಆದರೆ ಅದು ಐದು ವಾರ್ಷಿಕ ಕಂತುಗಳಲ್ಲಿ ಬರುತ್ತದೆ. ಅಂದರೆ ವರ್ಷಕ್ಕೆ 36,000, ತಿಂಗಳ ಲೆಕ್ಕದಲ್ಲಿ 3,000 ರೂಪಾಯಿ. ಸಾಲದ ಕಂತು ಕಟ್ಟುವವರಿಗೆ ಅದು ನಿಜವಾದ ಆಸರೆ. ರಿಜಿಸ್ಟ್ರಿ ದಿನ ಮಾಲೀಕರ ಕೈಗೆ ಕೊಡಲು ಮಾತ್ರ ಅದರಲ್ಲಿ ಒಂದು ರೂಪಾಯಿಯೂ ಇರುವುದಿಲ್ಲ. ಜೊತೆಗೆ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಬೇರೆ. ಆ ಕೊರತೆ ತುಂಬಲು ಬಂಗಾರ ಅಡವಿಟ್ಟು ಎರಡೆರಡು ಕಂತಿಗೆ ಸಿಕ್ಕಿಬಿದ್ದವರನ್ನು ಕಂಡು ಸಂಕಟಪಟ್ಟಿದ್ದೇನೆ.

ಇನ್ನೊಂದು ಷರತ್ತು ಬಹಳ ಜನರ ಗಮನಕ್ಕೇ ಬರುವುದಿಲ್ಲ. ಸಬ್ಸಿಡಿಯ ಪ್ರತಿ ಕಂತು ಬಿಡುಗಡೆಯಾಗುವಾಗ ಸಾಲ ಚಾಲ್ತಿಯಲ್ಲಿರಬೇಕು, ಅಸಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಬಾಕಿ ಇರಬೇಕು. ಊರಿನ ಹೊಲ ಮಾರಿದ ದುಡ್ಡು ಬಂತೆಂದು ಮೂರನೇ ವರ್ಷವೇ ಸಾಲ ತೀರಿಸಿದರೆ ಉಳಿದ ಕಂತುಗಳು ಹೋದವು.

“ಸರ, ನಮ್ಮಪ್ಪನ ಹೆಸರಿಲೆ ಮನಿ ಅದ, ನನಗ ಬರ್ತದೇನ್ರಿ?” ಕೂಡುಕುಟುಂಬದ ನಮ್ಮ ಭಾಗದಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಇದು. ಯೋಜನೆಯ ಪ್ರಕಾರ ಕುಟುಂಬವೆಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಮದುವೆಯಾದ ಮಗನಿಗೆ ತಂದೆಯ ಮನೆ ಅಡ್ಡಿಯಲ್ಲ. ಅವನ ಅಥವಾ ಹೆಂಡತಿಯ ಹೆಸರಲ್ಲಿ ದೇಶದ ಯಾವ ಮೂಲೆಯಲ್ಲೂ ಪಕ್ಕಾ ಮನೆ ಇರಬಾರದು, ಅಷ್ಟೇ. ಹಿಂದಿನ 20 ವರ್ಷಗಳಲ್ಲಿ ವಸತಿ ಯೋಜನೆಯ ಲಾಭ ಪಡೆದಿರಲೂಬಾರದು.

ಇಬ್ಬರೂ ಸರ್ಕಾರಿ ನೌಕರಿಯಲ್ಲಿದ್ದರೆ ಸಾಮಾನ್ಯವಾಗಿ 9 ಲಕ್ಷ ದಾಟಿಬಿಡುತ್ತದೆ. 18 ಲಕ್ಷ ಆದಾಯದವರೆಗೂ ಇದ್ದ ಹಳೆಯ ಸಬ್ಸಿಡಿಯನ್ನು ನೆನೆದು ಇಂದಿಗೂ ಬರುವವರಿದ್ದಾರೆ. ಅದು 2021ರ ಮಾರ್ಚ್ 31ಕ್ಕೇ ಮುಗಿಯಿತು. ಈಗಿನ ಯೋಜನೆಯಲ್ಲಿ ಮನೆಯ ಕಾರ್ಪೆಟ್ ವಿಸ್ತೀರ್ಣದ, ಅಂದರೆ ಗೋಡೆಗಳ ಒಳಗಿನ ಜಾಗದ, ಮಿತಿ 120 ಚದರ ಮೀಟರ್, ಸುಮಾರು 1,290 ಚದರ ಅಡಿ. 30x40ರ ಜಾಗದಲ್ಲಿ ಬಾಡಿಗೆಗೆಂದು ಮೇಲೊಂದು ಮಹಡಿ ಎತ್ತುವವರು ನಕ್ಷೆ ಬರೆಸುವ ಮೊದಲೇ ಇದನ್ನು ಅಳೆದು ನೋಡಬೇಕು.

ನನ್ನ ಅನುಭವದಲ್ಲಿ ಹೆಚ್ಚು ಅರ್ಜಿಗಳು ಮುಗ್ಗರಿಸುವುದು ಆದಾಯದಲ್ಲಲ್ಲ, ಪ್ಲಾಟಿನ ಕಾಗದದಲ್ಲಿ. ಎನ್‌ಎ (ಕೃಷಿಯೇತರ ಬಳಕೆಗೆ ಪರಿವರ್ತನೆ) ಆದೇಶವಿಲ್ಲದ ಹೊಲವನ್ನು ತುಂಡು ಮಾಡಿ ಬಾಂಡ್ ಪೇಪರ್ ಮೇಲೆ ಮಾರಿರುತ್ತಾರೆ. ಎನ್‌ಎ ಆಗಿದ್ದರೂ ಲೇಔಟ್ ನಕ್ಷೆಗೆ ನಗರಾಭಿವೃದ್ಧಿ ಪ್ರಾಧಿಕಾರದ ಮಂಜೂರಾತಿ ಇರುವುದಿಲ್ಲ. ಅನಧಿಕೃತ ಬಡಾವಣೆಯ ಆಸ್ತಿಗೆ ಕೊಡುವ ಬಿ-ಖಾತಾ ಸಿಕ್ಕಿತಲ್ಲ ಎಂದು ನೆಮ್ಮದಿಯಾಗಿರುವವರಿಗೆ ಹೇಳುತ್ತೇನೆ: ಅದರಿಂದ ತೆರಿಗೆ ಕಟ್ಟಬಹುದು, ಬಡಾವಣೆ ಅಧಿಕೃತವಾಗುವುದಿಲ್ಲ. ಅಂಥ ಆಸ್ತಿಗೆ ಸಾಲ ಕೊಡಲು ಬ್ಯಾಂಕುಗಳು ಹಿಂಜರಿಯುತ್ತವೆ. ಸಾಲವೇ ಇಲ್ಲದ ಮೇಲೆ ಬಡ್ಡಿ ಸಬ್ಸಿಡಿ ಎಲ್ಲಿಯದು?

ಆ ದಂಪತಿ ಪುಣ್ಯಕ್ಕೆ ಇನ್ನೂ ಇಸಾರ ಕೊಟ್ಟಿರಲಿಲ್ಲ. ಹಾಳೆಯಿಂದ 1.80 ಹೊಡೆದುಹಾಕಿ, ಇನ್ನೆಷ್ಟು ಕೂಡಿಸಬೇಕೆಂದು ಕೂತಲ್ಲೇ ಬರೆದುಕೊಂಡರು. ಮಾಲೀಕರಲ್ಲಿ ಆರು ತಿಂಗಳ ವಾಯಿದೆ ಕೇಳುತ್ತಾರಂತೆ. ಮುಂದಿನ ಸಲ ಬರುವಾಗ ಎನ್‌ಎ ಆದೇಶ, ಮಂಜೂರಾದ ಲೇಔಟ್ ನಕ್ಷೆ, ಇ-ಖಾತಾ, ಋಣಭಾರ ಪತ್ರ ಇವಿಷ್ಟರ ಪ್ರತಿ ತರಲು ಹೇಳಿ ಕಳಿಸಿದ್ದೇನೆ.